ಬಿಲ್ಲಿಗೆ ಬಾರದ ಕೆಲಸ

ಕೆರೆಯ ಹೂಳು ಎತ್ತಿದ ಮೇಲೆ ಅಂಗಳದಲ್ಲಿ ಅಲ್ಲಲ್ಲಿ ಮಣ್ಣಿನ ದಿಣ್ಣೆಗಳು ಒಂಟಿಯಾಗಿ ನಿಂತಿರುವುದನ್ನು ನೀವು ನೋಡಿರಬಹುದು. ಸುತ್ತ ಎಲ್ಲ ಅಗೆದು ಬೋಳು, ದಿಣ್ಣೆಯ ನೆತ್ತಿಯ ಮೇಲೆ ಮಾತ್ರ ಒಂದು ಹಿಡಿ ಹುಲ್ಲು. ನಮ್ಮ ಜನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದರೂ ಆಶ್ಚರ್ಯವಿಲ್ಲ. ಆದರೆ ಅವು ಲೆಕ್ಕದ ದಿಣ್ಣೆಗಳು. ಎಷ್ಟು ಆಳ ಅಗೆದೆವು ಎಂದು ಎಂಜಿನಿಯರಿಗೆ ತೋರಿಸಲು ಹಳೆಯ ನೆಲವನ್ನು ಅಷ್ಟಗಲ ಹಾಗೇ ಉಳಿಸಿರುತ್ತಾರೆ. ಟೇಪು ಹಿಡಿದು, ಅಳತೆಯ ಎಂ.ಬಿ. ಪುಸ್ತಕ ಬರೆದು ಮುಗಿಸಿದರೆ ದಿಣ್ಣೆಯ ಆಯುಸ್ಸೂ ಮುಗಿಯಿತು. ನೆತ್ತಿಯ ಹುಲ್ಲಿಗೂ ಕೆಲಸವುಂಟು: ಇದು ಮೂಲ ನೆಲವೇ, ರಾತ್ರೋರಾತ್ರಿ ಮೇಲೆ ಸುರಿದ ಮಣ್ಣಲ್ಲ ಎಂದು ಅದು ಸಾಕ್ಷಿ ಹೇಳಬೇಕು. ಹುಲ್ಲುಕಡ್ಡಿಯನ್ನು ಸಾಕ್ಷಿಗೆ ಕರೆಯಬೇಕಾಗಿ ಬಂದಿದೆ ಎಂದರೆ ಕೆಲವು ದಿಣ್ಣೆಗಳಿಗೆ ರಾತ್ರಿ ಹೊತ್ತು ಬೆಳೆಯುವ ಚಟ ಇದ್ದಿರಬೇಕು. ನೆಲ ಎಲ್ಲಿ ಉಬ್ಬಿದೆಯೋ ಅಲ್ಲೇ ಹುಡುಕಿ ದಿಣ್ಣೆ ಬಿಡುವುದಂತೂ ಅನುಭವಸ್ಥ ಗುತ್ತಿಗೆದಾರನ ಲಕ್ಷಣ.

ಅದು ದುಡ್ಡಿನ ತುಂಟತನ. ನನಗೆ ಇಷ್ಟವಾಗುವುದು ಇನ್ನೊಂದು ಬಗೆಯದು: ಯಾರೂ ಹೇಳದ, ಯಾರೂ ಕಾಸು ಕೊಡದ, ಮೇಸ್ತ್ರಿ ಆ ಕಡೆ ತಿರುಗಿದಾಗ ಮಾಡಿಟ್ಟದ್ದು.

ಹಂಪಿಗೆ ಹೋದವರೆಲ್ಲ ಕತ್ತೆತ್ತಿ ನೋಡುತ್ತಾರೆ. ಗೋಪುರ, ಕಂಬ, ಚಾವಣಿ. ನಾನು ನೆಲ ನೋಡುವ ಜಾತಿ; ಸ್ವಲ್ಪ ಮಟ್ಟಿಗೆ ಇದಕ್ಕೆ ಕಾರಣ ಕುತ್ತಿಗೆ ನೋವು. ಹಾಗೆ ತಲೆ ತಗ್ಗಿಸಿ ನಡೆದರೆ ಮಂಟಪದ ಹಾಸುಗಲ್ಲಿನ ಮೇಲೆ ಬೇರೆಯದೇ ಹಂಪಿ ಸಿಗುತ್ತದೆ. ಒಂದೆಡೆ ಆಡು-ಹುಲಿ ಆಟದ ತ್ರಿಕೋನ. ಇನ್ನೊಂದೆಡೆ ಚೌಕಾಬಾರದ ಮನೆಗಳು. ಮತ್ತೊಂದು ಕಲ್ಲಿನ ಮೇಲೆ ಅಳಿಗುಳಿಮಣೆಯ ಎರಡು ಸಾಲು ಗುಳಿಗಳು. ಆ ಗುಳಿಯೊಳಗೆ ಬೆರಳಿಟ್ಟು ನೋಡಿ: ಅಂಚು ಒರಟಾದರೂ ತಳ ನುಣ್ಣಗಿರುತ್ತದೆ. ಗಟ್ಟಿ ಕಣಶಿಲೆಯಲ್ಲಿ ಇಷ್ಟು ಗುಳಿ ತೋಡಲು ಒಂದು ಮಧ್ಯಾಹ್ನ ಸಾಲದು. ಕಲ್ಲುಕುಟಿಗರೋ, ಕಾವಲಿನವರೋ, ಸಂತೆಗೆ ಬಂದು ಬಿಸಿಲಿಗೆ ಕೂತವರೋ, ಯಾರೇ ಆಗಲಿ ಅವರಿಗೆ ಪುರುಸೊತ್ತಿತ್ತು, ಪುರುಸೊತ್ತನ್ನು ಮುಚ್ಚಿಡುವ ನಾಚಿಕೆ ಇರಲಿಲ್ಲ. ಸಾಮ್ರಾಜ್ಯ ಕಟ್ಟುತ್ತಿದ್ದಾಗಲೂ ಒಬ್ಬನ ಹುಲಿಯನ್ನು ಇನ್ನೊಬ್ಬನ ಆಡುಗಳು ಮುತ್ತಿಗೆ ಹಾಕುತ್ತಿದ್ದವು ಎಂಬುದು ನನಗೆ ಸಮಾಧಾನದ ಸಂಗತಿ.

ಅಲ್ಲೇ ಬೆಟ್ಟದ ಬದಿಯ ಬಂಡೆಗಳ ಮೇಲೆ ಸಾಲಾಗಿ ಗೆಣ್ಣುದ್ದದ ಗುಳಿಗಳಿವೆ. ಇದು ಆಟವಲ್ಲ, ಕಲ್ಲು ಸೀಳುವ ಉಪಾಯ. ಗುಳಿ ಹೊಡೆದು ಬೆಣೆ ಜಡಿದರೆ ಬಂಡೆ ಆ ಸಾಲಿಗೇ ಸರಿಯಾಗಿ ಬಿರಿಯುತ್ತದೆ. ಕೆಲವು ಬಂಡೆಗಳಲ್ಲಿ ಗುಳಿ ಮಾತ್ರ ಇದೆ, ಬಂಡೆ ಇಡಿಯಾಗಿ ಕೂತಿದೆ. ಹೊಡೆದವನು ಊಟಕ್ಕೆಂದು ಎದ್ದು ಹೋದ. ಮೇಸ್ತ್ರಿಯ ಜೊತೆ ಜಗಳವಾಯಿತೋ, 1565ರ ಯುದ್ಧದ ಸುದ್ದಿ ಬಂತೋ, ತಿರುಗಿ ಬರಲಿಲ್ಲ.

ಊಟದ ಮಾತು ಬಂದಿದ್ದರಿಂದ ಲೇಪಾಕ್ಷಿಯನ್ನು ನೆನೆಯಲೇಬೇಕು. ಈಗದು ಆಂಧ್ರದಲ್ಲಿದೆ, ಆದರೆ ಅಲ್ಲಿನ ಶಾಸನಗಳು ಕನ್ನಡದಲ್ಲೂ ಮಾತಾಡುತ್ತವೆ. ಲಿಂಗಕ್ಕೆ ಏಳು ಹೆಡೆಯ ನಾಗ ನೆರಳು ಹಿಡಿದಿರುವ ದೊಡ್ಡ ಬಂಡೆಯೊಂದು ಅಲ್ಲಿದೆ. ಅದರ ಕಥೆಯನ್ನು ಊರಿನವರು ಹೇಳುವುದು ಹೀಗೆ: ಶಿಲ್ಪಿಗಳ ತಾಯಿ ಅಡಿಗೆ ಮುಗಿಸುವುದು ತಡವಾಯಿತು. ಹಸಿದವರು ಸುಮ್ಮನೆ ಕೂರಲಾರದೆ ಎದುರಿಗಿದ್ದ ಬಂಡೆಯನ್ನೇ ನಾಗ ಮಾಡಿಬಿಟ್ಟರು. ಊಟಕ್ಕೆ ಕರೆಯಲು ಬಂದ ತಾಯಿ ಬೆರಗಾಗಿ ನೋಡಿದಳು, ದೃಷ್ಟಿ ತಾಗಿ ಕಲ್ಲು ಬಿರುಕು ಬಿಟ್ಟಿತು. ಕಥೆ ನಂಬಬೇಕೆಂದೇನೂ ಇಲ್ಲ. ಆದರೂ ನಮ್ಮ ಮನೆಯಲ್ಲಿ ಅಡಿಗೆ ತಡವಾದಾಗ ನಾವು ಮಾಡುವುದು ಮೊಬೈಲ್ ಒತ್ತುವುದಷ್ಟೇ. ಅದೇ ದೇವಾಲಯದಲ್ಲಿ ಒಂದೇ ಮೈಗೆ ಮೂರು ತಲೆಯ ಹಸುವೂ ಇದೆ. ಎರಡು ತಲೆಯನ್ನು ಕೈಯಿಂದ ಮುಚ್ಚಿದರೆ ಮೂರನೆಯದು ಹೊಂದಿಕೊಂಡು ಪೂರ್ತಿ ಹಸುವಾಗುತ್ತದೆ.

ಈ ಮುಚ್ಚು-ಮರೆಯ ವಿದ್ಯೆ ಇನ್ನೂ ಹಳೆಯದು. ಆರನೆಯ ಶತಮಾನದ ಬಾದಾಮಿಯ ಮೊದಲ ಗುಹೆಯಲ್ಲಿ ದ್ವಾರಪಾಲಕನ ಕೆಳಗೆ ಆನೆ-ಬಸವಗಳ ಜೋಡಿಯಿದೆ. ಇಬ್ಬರಿಗೂ ಒಂದೇ ತಲೆ. ಎಡದಿಂದ ನೋಡಿದರೆ ಆನೆ, ಬಲದಿಂದ ನೋಡಿದರೆ ಬಸವ. ಅದರ ಎದುರು ನಿಂತ ಗಂಡ ಹೆಂಡತಿ ಆನೆಯೆಂದೂ ಬಸವನೆಂದೂ ವಾದಿಸುತ್ತಾ ಇಬ್ಬರೂ ಗೆದ್ದು ಹೊರಟದ್ದನ್ನು ಕಂಡಿದ್ದೇನೆ. ಸಂಸಾರದಲ್ಲಿ ಇದು ಅಪರೂಪ. ಇನ್ನು ಆ ಗುಹೆಗಳ ಅಡಿಪಟ್ಟಿಕೆಗಳಲ್ಲಿ ಡೊಳ್ಳುಹೊಟ್ಟೆಯ ಗಣಗಳ ಸಾಲಿದೆ. ಒಬ್ಬ ಕುಣಿಯುತ್ತಾನೆ, ಒಬ್ಬ ಅಣಕಿಸುತ್ತಾನೆ. ಮೇಲೆ ದೇವರು ಗಂಭೀರವಾಗಿರುವುದು ಶಾಸ್ತ್ರ. ಕೆಳಗೆ ಯಾರೂ ಗಂಭೀರವಾಗಿರಬೇಕಿಲ್ಲ ಎಂದು ಶಿಲ್ಪಿ ತಾನೇ ತೀರ್ಮಾನಿಸಿದಂತಿದೆ.

1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯೊಬ್ಬಳ ತಲೆಯ ಮೇಲಿನ ಬಳ್ಳಿಚಪ್ಪರದಲ್ಲಿ ಒಂದು ಹಣ್ಣು, ಹಣ್ಣಿನ ಮೇಲೆ ಒಂದು ನೊಣ, ನೊಣಕ್ಕೆ ಹೊಂಚು ಹಾಕಿದ ಒಂದು ಹಲ್ಲಿ. ಕೆಳಗೆ ನಿಂತವರಿಗೆ ಸುಲಭಕ್ಕೆ ಕಾಣುವುದಿಲ್ಲ; ಗೈಡು ಬೆರಳು ಮಾಡಿ ತೋರಿಸಿದರೂ ಕಾಣದೆ, ಕಂಡಂತೆ ತಲೆಯಾಡಿಸುವವರೇ ಹೆಚ್ಚು. ವಿಷ್ಣುವರ್ಧನ ಮಹಾರಾಜ ನೊಣಕ್ಕೆ ಬೇಡಿಕೆ ಇಟ್ಟಿದ್ದನೆಂದು ನನಗನ್ನಿಸುವುದಿಲ್ಲ.

ಹೊಯ್ಸಳ ಶಿಲ್ಪಿಗಳಿಗೆ ಸಂಕೋಚವೂ ಕಡಿಮೆ. ವಿಗ್ರಹದ ಪೀಠದ ಮೇಲೆ ಹೆಸರು ಕೊರೆದು, ಎದುರಾಳಿ ಶಿಲ್ಪಿಗಳನ್ನು ಮಣಿಸಿದವನು ತಾನೆಂಬ ಬಿರುದನ್ನೂ ಕೆಲವರು ಸೇರಿಸಿಕೊಂಡಿದ್ದಾರೆ. ಸೋಮನಾಥಪುರದಲ್ಲಿ ದುಡಿದ ರೂವಾರಿ ಮಲ್ಲಿತಮ್ಮನದು ಇನ್ನೊಂದು ರೀತಿ. ಕೆಲವೆಡೆ ಪೂರ್ತಿ ಹೆಸರು, ಕೆಲವೆಡೆ ‘ಮಲ್ಲಿ’, ಕೆಲವೆಡೆ ಬರೀ ‘ಮ’. ಕಡತದ ಮೂಲೆಯಲ್ಲಿ ಸಾಹೇಬರು ಹಾಕುವ ಚುಟುಕು ಸಹಿಯ ಹಾಗೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಕೆಲಸ ಮುಗಿದ ಮೇಲೆ ಸಹಿ ಬಿದ್ದಿದೆ.

ಇದೆಲ್ಲ ಆ ಕಾಲಕ್ಕೇ ಮುಗಿಯಿತೆಂದು ನಿಟ್ಟುಸಿರು ಬಿಡುವವರು ನಮ್ಮ ಮನೆಯ ಮೆಟ್ಟಿಲಿನ ಅಡಿಗೆ ಬಗ್ಗಿ ನೋಡಬೇಕು. ಗಾರೆಯ ಹುಡುಗ ಯಾವನೋ ಹಸಿ ಸಿಮೆಂಟಿನಲ್ಲಿ ಕರಣೆಯ ತುದಿಯಿಂದ ಒಂದು ಮೀನು ಗೀಚಿದ್ದಾನೆ. ಸೋಡಾ ಬಾಟಲಿಯ ಮುಚ್ಚಳ ಒತ್ತಿ ಕಣ್ಣು ಮಾಡಿದ್ದಾನೆ, ಅದರ ಸುತ್ತಲಿನ ಹಲ್ಲುಗಳು ರೆಪ್ಪೆಯಾಗಿವೆ. ಪೊರಕೆ ಇಡಲು ಹೋಗುವವರ ಹೊರತು ಯಾರಿಗೂ ಅದರ ದರ್ಶನವಿಲ್ಲ. ಮೇಸ್ತ್ರಿಯನ್ನು ಕೇಳಿದ್ದಕ್ಕೆ ಗಾಬರಿಯಾಗಿ, “ಹುಡುಗ್ರು ಮಾಡಿರ್ಬೇಕು ಸಾರ್, ಒರೆಸಿಬಿಡ್ಲಾ?” ಎಂದ. ಕಲ್ಲಾಗಿ ಒಣಗಿದ ಸಿಮೆಂಟನ್ನು ಒರೆಸುವುದು ಹೇಗೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಿಲ್ಲಿನಲ್ಲಿ ಮೀನಿನ ಸುದ್ದಿ ಇರಲಿಲ್ಲ.

ಇಷ್ಟು ಓದಿ ಯಾರಿಗಾದರೂ ಉತ್ಸಾಹ ಹುಟ್ಟಿದ್ದರೆ ಒಂದು ವಿನಂತಿ. ಹಂಪಿಯ ಕಂಬಗಳ ಮೇಲೆ ಬಾಣ ತಾಗಿದ ಹೃದಯಗಳನ್ನೂ ಅವುಗಳೊಳಗೆ ಎರಡು ಹೆಸರುಗಳನ್ನೂ ಬೈಕಿನ ಕೀಲಿಯಿಂದ ಕೊರೆಯುವವರು ಈಗಾಗಲೇ ಸಾಕಷ್ಟಿದ್ದಾರೆ. ಅವರನ್ನು ಈ ಪರಂಪರೆಗೆ ಸೇರಿಸಲು ನಾನು ಒಪ್ಪುವುದಿಲ್ಲ. ಅವರು ಆ ಕಂಬ ನಿಲ್ಲಿಸಲು ಒಂದು ದಿನವೂ ಕಲ್ಲು ಹೊತ್ತವರಲ್ಲ. ಸಂರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.