ಎಡಗಡೆಯ ಬೆಳಕು

ಲಂಡನ್ನಿನಲ್ಲಿ ನನ್ನ ಅಕ್ಕನ ಮಗ ಸಂಸಾರ ಹೂಡಿರುವುದು ಒಂದು ಹಳೆಯ ಶಾಲೆಯೊಳಗೆ. ಶಾಲೆ ಮುಚ್ಚಿದ ಮೇಲೆ ತರಗತಿಗಳನ್ನೆಲ್ಲ ಫ್ಲಾಟು ಮಾಡಿ ಮಾರಿದ್ದಾರೆ. ನಾವು ಹೋದಾಗ ಬಾಗಿಲ ನೆತ್ತಿಯ ಕಲ್ಲಿನಲ್ಲಿ 'ಗರ್ಲ್ಸ್' ಎಂದು ಕೊರೆದಿದ್ದು ಕಂಡಿತು. ನನ್ನ ಹೆಂಡತಿ ಸರಾಗ ಒಳನಡೆದಳು. ನಾನು ಪೆಟ್ಟಿಗೆ ಹಿಡಿದು ಹೊರಗೇ ನಿಂತೆ. "ಬನ್ನಿ ಮಾವ, ಹೆಡ್ ಮಿಸ್ಸು ರಿಟೈರಾಗಿ ಬಹಳ ವರ್ಷವಾಯ್ತು" ಎಂದ ಅಳಿಯ.

1870ರ ಶಿಕ್ಷಣ ಕಾಯ್ದೆಯ ನಂತರ ಲಂಡನ್ ಸ್ಕೂಲ್ ಬೋರ್ಡು ಕಟ್ಟಿಸಿದ ನೂರಾರು ಶಾಲೆಗಳಲ್ಲಿ ಇದೂ ಒಂದು. ಮಕ್ಕಳು ರಾಶಿ, ಜಾಗ ಚೂರು. ಹಾಗಾಗಿ ಶಾಲೆ ಮೇಲಕ್ಕೆ ಬೆಳೆಯಿತು. ಕೆಳಗೆ ಪುಟಾಣಿಗಳು, ಮೇಲಿನ ಅಂತಸ್ತುಗಳಲ್ಲಿ ಹುಡುಗರು, ಹುಡುಗಿಯರು, ಬಾಗಿಲು ಮಾತ್ರ ಬೇರೆ ಬೇರೆ. ಕೆಲವು ಕಡೆ ಆಟದ ಬಯಲನ್ನೇ ತಾರಸಿಗೆ ಹತ್ತಿಸಿದರು. ಚೆಂಡು ಕೆಳಗೆ ಬಿದ್ದರೆ ತರುವವರು ಯಾರು ಎಂಬುದೇ ನನ್ನ ಚಿಂತೆ.

ಬೋರ್ಡಿನ ವಾಸ್ತುಶಿಲ್ಪಿ ಇ. ಆರ್. ರಾಬ್ಸನ್. ಚೂಪು ಕಮಾನಿನ ಗಾಥಿಕ್ ಶೈಲಿ ಆತನಿಗೆ ಬೇಡವಾಯಿತು, ಅದು ಇಗರ್ಜಿಯ ವೇಷ. ಬೋರ್ಡಿನ ಶಾಲೆಯಲ್ಲಿ ಯಾವುದೇ ಒಂದು ಪಂಥದ ಧರ್ಮಪಾಠ ಹೇಳಿಕೊಡಕೂಡದೆಂದು ಕಾಯ್ದೆಯೇ ವಿಧಿಸಿತ್ತಲ್ಲ! ಆದ್ದರಿಂದ ಹಳದಿ ಇಟ್ಟಿಗೆಯ ಗೋಡೆಗೆ, ಸೀರೆಗೆ ಅಂಚು ಹಿಡಿಸಿದಂತೆ, ಕೆಂಪು ಇಟ್ಟಿಗೆ. ಮೇಲೆ ಡಚ್ ಮಾದರಿಯ ಬಾಗುಬಳುಕಿನ ಗೇಬಲ್ಲು. ಬಿಳಿ ಚೌಕಟ್ಟಿನ ಉದ್ದುದ್ದ ಕಿಟಕಿ. ಇದಕ್ಕೆ 'ಕ್ವೀನ್ ಆನ್' ಶೈಲಿ ಎಂದು ಹೆಸರು. ಪಾಪ, ಆ ರಾಣಿ 1714ರಲ್ಲೇ ತೀರಿಕೊಂಡಿದ್ದಳು. 1893ರ ಕಥೆಯೊಂದರಲ್ಲಿ ಷರ್ಲಾಕ್ ಹೋಮ್ಸ್ ರೈಲಿನಿಂದ ಈ ಶಾಲೆಗಳನ್ನು ಕಂಡು ಹಿಗ್ಗುತ್ತಾನೆ. ಅಪರಾಧಿಗಳ ಹೊರತು ಇನ್ನಾವುದಕ್ಕೂ ಅಷ್ಟು ಸುಲಭವಾಗಿ ಹಿಗ್ಗುವ ಆಸಾಮಿಯಲ್ಲ ಅವನು.

ಹೋಮ್ಸ್ ನೋಡಿದ್ದು ಹೊರಗಿನಿಂದ. ಒಳಗಿದ್ದಿದ್ದರೆ ಕಿಟಕಿಯ ದಂಡೆ ಅವನಿಗೂ ಎತ್ತರವೇ ಆಗುತ್ತಿತ್ತೇನೋ. "ಮಳೆ ನಿಂತಿತಾ ನೋಡ್ರೀ" ಎಂದಳು ಹೆಂಡತಿ. ಸ್ಟೂಲು ಹತ್ತಿದೆ. ಅದು ವಾಲಿತು. ದಂಡೆ ಹಿಡಿದು ನೇತಾಡುತ್ತಲೇ "ನಿಂತಿಲ್ಲ" ಎಂದು ವರದಿ ಒಪ್ಪಿಸಿದೆ.

ಬೆಳಕು ಒಳಬರಬೇಕು, ಮಕ್ಕಳ ಕಣ್ಣು ಹೊರಹೋಗಬಾರದು: ಇದು ಆ ಕಾಲದ ಲೆಕ್ಕಾಚಾರ. ಬೆಳಕು ಕೂಡ ಎಡಗಡೆಯಿಂದಲೇ ಬೀಳಬೇಕೆಂದು ರಾಬ್ಸನ್ ಪಟ್ಟುಹಿಡಿದಿದ್ದ. ಬರೆಯುವ ಬಲಗೈಯ ನೆರಳು ಅಕ್ಷರದ ಮೇಲೆ ಬೀಳದಿರಲೆಂದು. 1874ರಲ್ಲಿ ಶಾಲಾ ಕಟ್ಟಡಗಳ ಮೇಲೆ ದಪ್ಪ ಪುಸ್ತಕವನ್ನೇ ಬರೆದ ಮನುಷ್ಯ. ಬೆಂಚು, ಗಾಳಿ, ಬೆಚ್ಚಗಿಡುವ ಬಗೆ, ಏನನ್ನೂ ಬಿಟ್ಟಿಲ್ಲ. ಎಡಚರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ನಾನೋ ಹುಟ್ಟು ಎಡಚ. ಆ ಕಾಲದ ಮೇಷ್ಟ್ರುಗಳಿಗೆ ಇದೊಂದು ಸಮಸ್ಯೆಯೇ ಆಗಿರಲಿಕ್ಕಿಲ್ಲ, ಬೆತ್ತ ಇತ್ತಲ್ಲ.

ಪತ್ರಿಕೆಗೆ ಒಪ್ಪಿಕೊಂಡ ಬರಹ ಮುಗಿಸಲು ಮೇಜನ್ನು ಉಲ್ಟಾ ತಿರುಗಿಸಿ ಕೂತೆ. ಬೆಳಕೇನೋ ಬಲಗಡೆಗೆ ಬಂತು; ಮುಖ ಅಡುಗೆಕಟ್ಟೆಗೆ ತಿರುಗಿತು. ಅಳಿಯ ಇಂಗಿನ ಒಗ್ಗರಣೆ ಹಾಕುತ್ತಿದ್ದ. ಮಕ್ಕಳ ಗಮನ ಕೆಡದಂತೆ ಅಷ್ಟೆಲ್ಲ ಯೋಚಿಸಿದ ರಾಬ್ಸನ್, ತನ್ನ ತರಗತಿಯೊಳಗೇ ಸಾಸಿವೆ ಸಿಡಿಯಬಹುದೆಂದು ಊಹಿಸಿರಲಾರ. ಬರಹವನ್ನು ಅಲ್ಲಿಗೇ ಬಿಟ್ಟು ತಟ್ಟೆ ಹಾಕಲು ಎದ್ದೆ.