ಬಲ್ಲಣ್ಣನ ಫಾರ್ಮ್ಯಾಟು

ಗಂಡಸಿ ಹ್ಯಾಂಡ್‌ಪೋಸ್ಟಿನ ಯಾವ ಮನೆಯಲ್ಲಾದರೂ ಹಳೆಯ ಲ್ಯಾಪ್‌ಟಾಪು ಆನ್ ಆಗದೆ ಮುಷ್ಕರ ಹೂಡಿತೆನ್ನಿ, ಮನೆಯವರು ಚಾರ್ಜರ್ ಅಲ್ಲಾಡಿಸಿ ನೋಡುವಷ್ಟರಲ್ಲಿ ಸುದ್ದಿ ಟೀ ಅಂಗಡಿ ಮುಟ್ಟಿರುತ್ತದೆ, ಅಲ್ಲಿಂದ ಬಲ್ಲಣ್ಣ ಹೊರಟಿರುತ್ತಾನೆ. ಬಲ್ಲಣ್ಣನೆಂದರೆ ಇಂಥವನೇ ಒಬ್ಬ ಎಂದು ಬೆರಳು ತೋರಿಸುವಂತಿಲ್ಲ, ಅದೊಂದು ಹುದ್ದೆ. ಅರಸೀಕೆರೆ ಸೀಮೆಯಲ್ಲಿ ಹೋಬಳಿಗೆ ಒಬ್ಬನಾದರೂ ಸಿಕ್ಕುತ್ತಾನೆ. ನೇಮಕಾತಿ ಆದೇಶವಿಲ್ಲದ ಕಾರಣ ನಿವೃತ್ತಿಯೂ ಇಲ್ಲ. ಒಂದು ಕಾಲಕ್ಕೆ ಟಿ.ವಿ. ಆಂಟೆನಾ ತಿರುಗಿಸುತ್ತಿದ್ದವನು, ಆಮೇಲೆ ಡಿಶ್ಶಿಗೆ ದಿಕ್ಕು ತೋರಿಸಿದ, ಮೊಬೈಲಿಗೆ ಹಾಡು ತುಂಬಿಸಿದ, ಈಗ ಲ್ಯಾಪ್‌ಟಾಪಿಗೆ ಬಡ್ತಿ ಪಡೆದಿದ್ದಾನೆ. ಜೇಬಿನಲ್ಲಿ ಒಂದು ಪೆನ್‌ಡ್ರೈವು, ಒಂದು ಸ್ಟಾರ್ ಸ್ಕ್ರೂಡ್ರೈವರು. ಚಪ್ಪಲಿ ಬಿಡುತ್ತಿರುವಾಗಲೇ ತೀರ್ಪು ಬರುತ್ತದೆ: “ಏನಣ್ಣ, ಆನ್ ಆಗ್ತಿಲ್ವಾ? ವಿಂಡೋಸ್ ಹೋಗೈತೆ ಬಿಡಿ. ಫಾರ್ಮ್ಯಾಟ್ ಹೊಡೀಬೇಕು.” ಇವನನ್ನು ಕುರಿತು ನನ್ನ ವಾದ ಇಷ್ಟೇ: ಬಲ್ಲಣ್ಣನ ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ರಿಪೇರಿ ಮಾಡುವುದು ಕೈ, ಕೀರ್ತಿ ಹೊಡೆದುಕೊಳ್ಳುವುದು ಬಾಯಿ, ನಷ್ಟ ಅನುಭವಿಸುವುದು ಮನೆಯವರು.

ಮೊದಲು ಬಾಯಿಯ ವಿಚಾರ. ಲ್ಯಾಪ್‌ಟಾಪು ಏಳುವುದಕ್ಕೆ ಒಂದು ಕ್ರಮವಿದೆ. ಗುಂಡಿ ಒತ್ತಿದ ಮೇಲೆ ದೀಪ ಹೊತ್ತಬೇಕು, ಫ್ಯಾನು ತಿರುಗಬೇಕು. ಆಮೇಲೆ ಮದರ್‌ಬೋರ್ಡು ತನ್ನ ಮೆಮೊರಿ, ಕೀಬೋರ್ಡು, ಡಿಸ್ಕು ಎಲ್ಲವೂ ಇದ್ದಾವೆಯೇ ಎಂದು ಹಾಜರಿ ಕರೆಯುತ್ತದೆ. ಯಾರಾದರೂ ಚಕ್ಕರ್ ಹೊಡೆದಿದ್ದರೆ ಕೆಲವು ಯಂತ್ರಗಳು ಬೀಪ್ ಬೀಪ್ ಎಂದು ದೂರುತ್ತವೆ. ಪರದೆಯ ಮೇಲೆ ಕಂಪನಿಯ ಗುರುತು ಮೂಡಿ, ಹಾಜರಿ ಮುಗಿದ ಮೇಲಷ್ಟೇ ಡಿಸ್ಕಿನಲ್ಲಿ ಮಲಗಿರುವ ವಿಂಡೋಸಿಗೆ ಕರೆ ಹೋಗುವುದು. ದೀಪವೇ ಹೊತ್ತದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಹೋಗಿದೆ ಎನ್ನುವುದು, ಬೀಗ ಹಾಕಿದ ಮನೆಯ ಮುಂದೆ ನಿಂತು ಒಳಗಿನ ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದಂತೆ. ಫ್ಯಾನು ತಿರುಗಿಯೂ ಪರದೆ ಕಪ್ಪಗಿದ್ದರೆ ಟಾರ್ಚು ಓರೆಯಾಗಿ ಹಿಡಿದು ನೋಡಬೇಕು. ಅಕ್ಷರಗಳು ಮಸುಕಾಗಿ ಕಂಡರೆ ಕೆಟ್ಟಿರುವುದು ಪರದೆಯ ಹಿಂದಿನ ಬೆಳಕು ಮಾತ್ರ. ಕಂಪನಿಯ ಗುರುತು ಮೂಡಿ ಅಲ್ಲೇ ನಿಂತಾಗಷ್ಟೇ ಡಿಸ್ಕಿನ ಮೇಲೋ ವಿಂಡೋಸಿನ ಮೇಲೋ ಅನುಮಾನ ಪಡಬಹುದು. ಎಲ್ಲಿ ನಿಂತಿತು ಎಂಬುದೇ ಅರ್ಧ ಉತ್ತರ. ಬಲ್ಲಣ್ಣ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಉತ್ತರ ಮೊದಲೇ ಗೊತ್ತಿರುವವನಿಗೆ ಪ್ರಶ್ನೆಯ ಹಂಗೇಕೆ?

ಹಾಗಿದ್ದರೆ ಅವನು ಮುಟ್ಟಿದ ಎಷ್ಟೋ ಲ್ಯಾಪ್‌ಟಾಪುಗಳು ಎದ್ದು ಕೂರುವುದು ಹೇಗೆ? ಇಲ್ಲಿ ಕೈಯ ವಿಚಾರ ಬರುತ್ತದೆ. ಫಾರ್ಮ್ಯಾಟ್ ಹೊಡೆಯಬೇಕಾದರೂ ಯಂತ್ರ ಮೊದಲು ಆನ್ ಆಗಲೇಬೇಕಷ್ಟೆ. ಅದಕ್ಕಾಗಿ ಬಲ್ಲಣ್ಣ ಚಾರ್ಜರ್ ಕೀಳುತ್ತಾನೆ, ಹಿಂದಿನ ಮುಚ್ಚಳ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ಎಳೆಯುತ್ತಾನೆ, ರ‍್ಯಾಮ್ ಹೊರತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ಮಗುವಿನ ಕಂಪಾಸ್ ಪೆಟ್ಟಿಗೆಯ ರಬ್ಬರಿನಿಂದ ಉಜ್ಜುತ್ತಾನೆ, ಗುಂಡಿಯನ್ನು ಅರ್ಧ ನಿಮಿಷ ಅದುಮಿ ಹಿಡಿಯುತ್ತಾನೆ. ಅವನ ಪಾಲಿಗೆ ಇದೆಲ್ಲ ಫಾರ್ಮ್ಯಾಟಿಗೆ ಮುಂಚಿನ ಪೂರ್ವಾಂಗ. ನಿಜಕ್ಕೂ ಚಿಕಿತ್ಸೆ ಇದೇ. ಆಫ್ ಆಗಿದೆಯೆಂದು ನಾವು ತಿಳಿದ ಲ್ಯಾಪ್‌ಟಾಪು ಪೂರ್ತಿ ಮಲಗಿರುವುದಿಲ್ಲ. ಗುಂಡಿ, ಬ್ಯಾಟರಿ, ಚಾರ್ಜರ್‌ಗಳ ಮೇಲೆ ಕಣ್ಣಿಟ್ಟ ಒಂದು ಸಣ್ಣ ಚಿಪ್ಪು ಒಳಗೆ ಎಚ್ಚರವಾಗಿರುತ್ತದೆ. ಅದೇ ತಬ್ಬಿಬ್ಬಾದರೆ ಗುಂಡಿ ಎಷ್ಟು ಒತ್ತಿದರೂ ಕೇಳಿಸಿಕೊಳ್ಳುವವರಿಲ್ಲ. ವಿದ್ಯುತ್ತಿನ ಎರಡು ದಾರಿಗಳನ್ನೂ ಕಡಿದು, ಉಳಿದ ಚೂರುಪಾರು ವಿದ್ಯುತ್ತೂ ಇಳಿದುಹೋದರೆ ಆ ಚಿಪ್ಪು ಹೊಸದಾಗಿ ಲೆಕ್ಕ ಶುರುಮಾಡುತ್ತದೆ. ದೂಳು, ತೇವದಿಂದ ರ‍್ಯಾಮಿನ ಅಂಚು ಮಂಕಾಗಿದ್ದರೆ ರಬ್ಬರು ಅದನ್ನು ಸರಿಮಾಡುತ್ತದೆ. ದೀಪ ಹೊತ್ತುತ್ತದೆ, ಪರದೆ ಬೆಳಗುತ್ತದೆ, ವಿಂಡೋಸು ಏನೂ ಆಗಿಲ್ಲವೆಂಬಂತೆ ಬಂದು ನಿಲ್ಲುತ್ತದೆ. ಇಲ್ಲಿಗೆ ನಿಲ್ಲಿಸಿದ್ದರೆ ಬಲ್ಲಣ್ಣನಿಗೆ ಶಾಲು ಹೊದಿಸಬಹುದಿತ್ತು. ಆದರೆ ಅವನು ಮಾತಿಗೆ ತಪ್ಪುವವನಲ್ಲ. ಫಾರ್ಮ್ಯಾಟ್ ಎಂದು ಹೇಳಿಯಾಗಿದೆ, ಹೊಡೆದೇ ಹೊಡೆಯುತ್ತಾನೆ.

ಹೀಗೆ ಅಳಿಸಿಹೋಗುವುದೇನು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2020ರ ಹೊತ್ತಿಗೆ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಉಚಿತವಾಗಿ ಹಂಚಿದ ಲ್ಯಾಪ್‌ಟಾಪುಗಳು ಇಂಥ ಊರುಗಳ ಎಷ್ಟೋ ಮನೆಗಳಿಗೆ ಬಂದ ಮೊದಲ ಕಂಪ್ಯೂಟರು. ಪಡೆದ ಮಕ್ಕಳು ಬೆಂಗಳೂರು ಸೇರಿದರೂ ಲ್ಯಾಪ್‌ಟಾಪು ಊರಲ್ಲೇ ಉಳಿದು ಮನೆಯ ಕಬ್ಬಿಣದ ಪೆಟ್ಟಿಗೆಯ ಕೆಲಸ ಮಾಡುತ್ತದೆ: ಪಹಣಿಯ ಸ್ಕ್ಯಾನು, ಕೊಬ್ಬರಿ ಮಾರಿದ ಲೆಕ್ಕ, ಸ್ವಸಹಾಯ ಸಂಘದ ಉಳಿತಾಯದ ಪಟ್ಟಿ, ತೀರಿಹೋದ ಅಜ್ಜಿಯ ಫೋಟೊ. ಬ್ಯಾಕಪ್ ಇಟ್ಟಿರುವುದಿಲ್ಲ. “ಸಿ ಡ್ರೈವ್ ಒಂದೇ ಅಣ್ಣ, ಏನೂ ಹೋಗಲ್ಲ” ಎಂದು ಬಲ್ಲಣ್ಣ ಭರವಸೆ ಕೊಡುತ್ತಾನೆ. ಡೆಸ್ಕ್‌ಟಾಪಿನ ಮೇಲೆ ಕಾಣುವುದೆಲ್ಲ ಸಾಮಾನ್ಯವಾಗಿ ಆ ಸಿ ಡ್ರೈವಿನಲ್ಲೇ ಇರುತ್ತದೆಂಬುದು ಆಮೇಲೆ ಗೊತ್ತಾಗುತ್ತದೆ.

ಫಾರ್ಮ್ಯಾಟಿಗೆ ಆಸ್ಪದವಿಲ್ಲದ ಕಡೆ ಬಲ್ಲಣ್ಣನ ಬಳಿ ಇನ್ನೂ ಎರಡು ಕಾರಣಗಳಿವೆ. ಒಂದು, “ಲೋ ವೋಲ್ಟೇಜು”. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಹೊಡೆದಾಗ ಬಲ್ಬು ಮಂಕಾಗುವುದನ್ನು ಕಂಡವರು ತಲೆದೂಗುತ್ತಾರೆ. ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಗಿ, ಈಗ ಹಾಸನ ಜಿಲ್ಲೆಗೆ ಕರೆಂಟು ಕೊಡುವ ಹೊಣೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದಾದರೂ ಬಲ್ಲಣ್ಣನ ಬೈಗುಳ ಇನ್ನೂ ಕೆಇಬಿ ವಿಳಾಸಕ್ಕೇ ಹೋಗುತ್ತದೆ. ಆದರೆ ಸಾಕ್ಷಿ ಚಾರ್ಜರ್ ಬೆನ್ನಿನ ಚೀಟಿಯಲ್ಲೇ ಅಚ್ಚಾಗಿದೆ: 100ರಿಂದ 240 ವೋಲ್ಟ್‌ವರೆಗೆ ಏನು ಕೊಟ್ಟರೂ ಅದು ಸುಮಾರು 19 ವೋಲ್ಟ್‌ಗೆ ಇಳಿಸಿ ಕೊಡುತ್ತದೆ. ಹೆದರಬೇಕಾದದ್ದು ಭರಣಿ ಮಳೆಯ ಗುಡುಗು ಸಿಡಿಲಿಗೆ; ಆಗ ಪ್ಲಗ್ ಕಿತ್ತಿಡುವುದೇ ಕ್ಷೇಮ. ಎರಡನೆಯದು ಹೊಸ ಕಾರಣ: “ವಿಂಡೋಸ್ ಹತ್ತನ್ನ ಮೈಕ್ರೋಸಾಫ್ಟೋರು ನಿಲ್ಸವ್ರೆ, ಅದಕ್ಕೇ ಆನ್ ಆಗ್ತಿಲ್ಲ.” 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಉಚಿತ ಸುರಕ್ಷತಾ ಅಪ್‌ಡೇಟು. ಗಂಡಸಿಯ ಲ್ಯಾಪ್‌ಟಾಪಿನ ಸ್ವಿಚ್ಚು ಆರಿಸಲು ಅಮೆರಿಕದಿಂದ ಯಾರೂ ಬಂದಿಲ್ಲ.

ನನ್ನ ಈ ವಾದಕ್ಕೆ ಆಕ್ಷೇಪಗಳಿವೆ, ಅವೂ ಸುಳ್ಳಲ್ಲ. ‘ಕಾರಣ ಏನಾದರೆ ಏನು, ಆನ್ ಆಯಿತಲ್ಲ’ ಎನ್ನುವವರಿದ್ದಾರೆ. ಒಮ್ಮೆಗೆ ಆ ಮಾತು ಸರಿ. ಆದರೆ ತಪ್ಪು ಕಾರಣವನ್ನು ಒಪ್ಪಿದ ಮನೆ ಮುಂದಿನ ಸಲವೂ ಫಾರ್ಮ್ಯಾಟೇ ಕೇಳುತ್ತದೆ; ಊದಿಕೊಂಡ ಬ್ಯಾಟರಿ ಮುಚ್ಚಳ ಎತ್ತುತ್ತಿದ್ದರೂ ವೈರಸ್ ಎನ್ನುತ್ತದೆ, ಅಂಥ ಬ್ಯಾಟರಿ ಬೆಂಕಿಗೂ ದಾರಿ. ‘ಬಲ್ಲಣ್ಣನನ್ನು ಬಿಟ್ಟರೆ ಗತಿ ಯಾರು’ ಎಂಬುದು ಇನ್ನೂ ಗಟ್ಟಿಯಾದ ಮಾತು. ಅರಸೀಕೆರೆಗೋ ಹಾಸನಕ್ಕೋ ಹೊತ್ತುಕೊಂಡು ಹೋದರೆ ಒಂದು ದಿನದ ಕೆಲಸ ಹಾಳು, ಬಸ್ಸಿನ ಖರ್ಚು ಬೇರೆ. ಬಲ್ಲಣ್ಣ ಕರೆದಾಗ ಬರುತ್ತಾನೆ, ಒಂದು ಟೀಗೆ ತೃಪ್ತನಾಗುತ್ತಾನೆ, ಮಾರನೆಯ ದಿನವೂ ಸಿಕ್ಕುತ್ತಾನೆ. ಇದನ್ನು ಒಪ್ಪಿದ ಮೇಲೆ ಅವನನ್ನು ಹೊರಗಟ್ಟುವ ಪ್ರಶ್ನೆಯೇ ಏಳುವುದಿಲ್ಲ. ‘ಹಳೆಯದನ್ನು ಬಿಸಾಕಿ ಹೊಸದು ಕೊಳ್ಳಿ’ ಎಂಬ ಪೇಟೆಯ ಬುದ್ಧಿವಾದಕ್ಕಿಂತ ಅವನ ರಬ್ಬರು ಸಾವಿರ ಪಾಲು ಮೇಲು.

ಬದಲಾಗಬೇಕಾದದ್ದು ಕ್ರಮವೊಂದೇ. ಕೈ ಮೊದಲು ಕೆಲಸ ಮಾಡಲಿ, ಬಾಯಿ ಆಮೇಲೆ ತೆರೆಯಲಿ. ಚಾರ್ಜರ್ ಕಿತ್ತು, ಗುಂಡಿ ಅದುಮಿ, ಎಲ್ಲಿ ನಿಲ್ಲುತ್ತದೆಂದು ನೋಡಿದ ಮೇಲಷ್ಟೇ ತೀರ್ಪು. ಯಂತ್ರ ಎದ್ದ ಕೂಡಲೇ ಅವನ ಪೆನ್‌ಡ್ರೈವಿಗೆ ಮೊದಲ ಕೆಲಸ ಮನೆಯವರ ಕಡತಗಳನ್ನು ನಕಲು ಮಾಡಿಕೊಳ್ಳುವುದು. ಏಳದಿದ್ದರೆ ಡಿಸ್ಕು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡುವುದು. ಇಷ್ಟಾದ ಮೇಲೂ ಫಾರ್ಮ್ಯಾಟ್ ಬೇಕೆನಿಸಿದರೆ ಧಾರಾಳವಾಗಿ ಹೊಡೆಯಲಿ. ಈ ತಿದ್ದುಪಡಿಯನ್ನು ಬಲ್ಲಣ್ಣ ಒಪ್ಪುತ್ತಾನೋ ಇಲ್ಲವೋ ಎಂಬ ಚಿಂತೆ ಬೇಡ. ಟೀ ಲೋಟ ಕೆಳಗಿಟ್ಟು, “ನಾನೂ ಅದನ್ನೇ ಅಲ್ವಾ ಮೊದಲಿಂದ ಹೇಳ್ತಿರೋದು?” ಎನ್ನುತ್ತಾನೆ.