‘ನಂದೇನು ಅಂಥ ದೊಡ್ಡ ಕಷ್ಟ ಅಲ್ಲ’ ಎಂದು ಅಪಾಯಿಂಟ್‌ಮೆಂಟ್ ರದ್ದು ಮಾಡಿದವರಿಗೆ

ಪ್ರಿಯರೇ,

ನೀವು ಪೀಣ್ಯ ಎರಡನೇ ಹಂತದ ಯಾವುದೋ ಶೆಡ್ಡಿನಲ್ಲಿ ಸಿಎನ್‌ಸಿ ಮೆಷಿನ್ ಮುಂದೆ ಸೆಕೆಂಡ್ ಶಿಫ್ಟ್ ಮುಗಿಸುವ ತಮ್ಮ ಇರಬಹುದು. ವೈಟ್‌ಫೀಲ್ಡಿನ ಪಿಜಿಯಲ್ಲಿ ಇನ್ನಿಬ್ಬರ ಜೊತೆ ಕೋಣೆ ಹಂಚಿಕೊಂಡು, ಅಮೆರಿಕದ ಹೊತ್ತಿಗೆ ಎದ್ದಿರುವ ತಂಗಿ ಇರಬಹುದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಚಂದಾಪುರದಲ್ಲಿ ಮನೆ, ತಿಂಗಳ ಐದಕ್ಕೆ ಇಎಂಐ ಎಂದು ಓಡುತ್ತಿರುವ ನನ್ನ ಓರಗೆಯವರೂ ಇರಬಹುದು. ಒಂದು ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಹುಡುಕಿ, ಸೈಕಾಲಜಿಸ್ಟ್ ಒಬ್ಬರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿರಿ. ಬೆಳಗ್ಗೆ ಎದ್ದವರೇ ರದ್ದು ಮಾಡಿದಿರಿ. ನಿಮ್ಮಂಥವರನ್ನು ನಾನು ಬಹಳ ಕಂಡಿದ್ದೇನೆ, ಎಲ್ಲರ ಬಾಯಲ್ಲೂ ಬರುವ ಕಾರಣ ಒಂದೇ: ‘ನಂದೇನು ಅಂಥ ದೊಡ್ಡ ಕಷ್ಟ ಅಲ್ಲ ಬಿಡಿ.’

ಆ ಮಾತಿಗಾಗಿಯೇ ಈ ಪತ್ರ.

ನಾವಿರುವ ಕಡೆ ಎಲ್ಲದಕ್ಕೂ ಪುರಾವೆ ಬೇಕು. ಬಂದಿದ್ದಕ್ಕೆ ಪಂಚಿಂಗ್, ದುಡಿದಿದ್ದಕ್ಕೆ ಪ್ರೊಡಕ್ಷನ್ ಶೀಟು, ಜ್ವರ ಬಂದಿದ್ದಕ್ಕೆ ಡಾಕ್ಟರ ಚೀಟಿ, ವರ್ಷವಿಡೀ ಏನು ಮಾಡಿದಿರಿ ಎಂಬುದಕ್ಕೆ ಅಪ್ರೈಸಲ್ ಫಾರಂ. ಹೀಗೆ ವರ್ಷಗಟ್ಟಲೆ ಬದುಕಿದ ಮೇಲೆ, ಥೆರಪಿ ಕೋಣೆಯಲ್ಲೂ ಯಾರೋ ನಮ್ಮ ನೋವನ್ನು ತೂಗಿ ‘ಇಷ್ಟಕ್ಕೇ ಬಂದಿರಾ?’ ಎನ್ನುತ್ತಾರೆ ಎಂದು ಅನ್ನಿಸುವುದು ಸಹಜ. ಹಾಗೆ ಯಾರೂ ಕೇಳುವುದಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಬೇರಿಂಗ್ ಕರಕರ ಎನ್ನಲು ಶುರುವಾದ ಕೂಡಲೇ ಮೆಷಿನ್ ನಿಲ್ಲಿಸಿ ನೋಡುವವರು ನಾವು, ಸ್ಪಿಂಡಲ್ ಮುರಿಯಲಿ ಎಂದು ಕಾಯುವುದಿಲ್ಲ. ಮನಸ್ಸಿನ ಕರಕರವೂ ಹಾಗೇ: ಮೂರು ವಾರದಿಂದ ನಿದ್ದೆ ಇಲ್ಲ, ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತದೆ, ಮಗು ಮಾತಾಡಿಸಿದರೆ ರೇಗುತ್ತೀರಿ. ಹೋಗುವುದಕ್ಕೆ ಇಷ್ಟು ಸಾಕು.

ಇನ್ನೊಂದು ಅಂಜಿಕೆಯೂ ನನಗೆ ಗೊತ್ತು. ನಮ್ಮೂರಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ‘ಇವನನ್ನ ನಿಮ್ಹಾನ್ಸಿಗೆ ಸೇರಿಸ್ಬೇಕು’ ಎಂದು ನಗುವುದು ರೂಢಿ. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಜನ ಹುಡುಕಿಕೊಂಡು ಬರುವ ಆಸ್ಪತ್ರೆ ನಮ್ಮ ಬಾಯಲ್ಲಿ ಬೈಗುಳವಾಗಿದೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ‘ಶರಪಂಜರ’ ಕಾದಂಬರಿ ಬರೆದು ಅರವತ್ತು ವರ್ಷವಾಯಿತು. ಅದರ ಕಾವೇರಿಯನ್ನು ಚಿಕಿತ್ಸೆ ಗುಣಪಡಿಸಿತ್ತು, ಮನೆಯವರ ಮತ್ತು ನೆರೆಹೊರೆಯವರ ಕಣ್ಣು ಅವಳನ್ನು ಮತ್ತೆ ಕೆಡವಿತು. ಅದೇ ಕಥೆಯ ಸಿನಿಮಾದಲ್ಲಿ ಕಲ್ಪನಾ ಅಭಿನಯ ಕಂಡು ಅತ್ತ ನಾವೇ ನಾಳೆ ಪಕ್ಕದ ಡೆಸ್ಕಿನವರು ಕೌನ್ಸೆಲಿಂಗಿಗೆ ಹೋದರೆ ಪಿಸುಗುಟ್ಟುತ್ತೇವೆ. ಥೆರಪಿ ನಮಗೆ ಹೊರಗಿನಿಂದ ಬಂದ ಶೋಕಿಯಲ್ಲ ಎಂದೂ ಹೇಳಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದು 1924ರಲ್ಲಿ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿ ದುಡಿದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಬಗ್ಗೆ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈಗ ಹೋಗುವ ವಿಷಯಕ್ಕೆ ಬರೋಣ. ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಓದಿದ ಡಾಕ್ಟರು, ಮಾತ್ರೆ ಬರೆಯುವವರು ಅವರು. ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಮಾತಿನ ಮೂಲಕ, ಅಭ್ಯಾಸಗಳ ಮೂಲಕ ಕೆಲಸ ಮಾಡುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ, ನೋಂದಣಿ ಸಂಖ್ಯೆ ಇರಬೇಕು. ಸಂಕೋಚಪಡದೆ ಕೇಳಿ, ಓದಿದವರು ಬೇಸರಪಡುವುದಿಲ್ಲ. ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ‘ಮೈಂಡ್ ಕೋಚ್’ ಎಂದು ಇನ್‌ಸ್ಟಾಗ್ರಾಮಿನಲ್ಲಿ ಪ್ಯಾಕೇಜ್ ಮಾರುವವರು ಬಹಳ ಇದ್ದಾರೆ. ಅವರಿಂದ ದೂರ ಇರಿ ಎಂದೇ ನನ್ನ ಸಲಹೆ.

ಕೋಣೆಯಲ್ಲಿ ಯಾರೂ ನಿಮ್ಮನ್ನು ಸಿನಿಮಾದಲ್ಲಿ ತೋರಿಸುವಂತೆ ಸೋಫಾದ ಮೇಲೆ ಮಲಗಿಸುವುದಿಲ್ಲ. ಎರಡು ಕುರ್ಚಿ, ನಡುವೆ ಟೀಪಾಯಿ, ಅದರ ಮೇಲೊಂದು ಟಿಶ್ಯೂ ಡಬ್ಬ. ಸೆಷನ್ ಸಾಮಾನ್ಯವಾಗಿ 45ರಿಂದ 50 ನಿಮಿಷ. ಮೊದಲು ಒಂದು ಫಾರಂ ಕೊಡುತ್ತಾರೆ: ಹೆಸರು, ವಯಸ್ಸು, ಕೆಲಸ, ತುರ್ತಿಗೆ ಯಾರ ನಂಬರು. ಈ ಕೊನೆಯ ಕಾಲಂ ಹತ್ತಿರ ಬಂದಾಗ ಬಹಳ ಜನ ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತುಬಿಡುತ್ತಾರೆ. ಅಮ್ಮನ ನಂಬರ್ ಬರೆದರೆ ಹಾಸನಕ್ಕೋ ಗದಗಕ್ಕೋ ಫೋನ್ ಹೋಗುತ್ತದೆ ಎಂಬ ದಿಗಿಲು. ಜೀವಕ್ಕೆ ಅಪಾಯ ಎನಿಸಿದಾಗ ಮಾತ್ರ ಆ ನಂಬರ್ ಬೇಕಾಗುತ್ತದೆ. ನಂಬಿಕೆಯ ಗೆಳತಿಯದ್ದೋ ಅಣ್ಣನದ್ದೋ ಬರೆದರೂ ಆಗುತ್ತದೆ.

ಆಮೇಲೆ ಪ್ರಶ್ನೆಗಳು. ಎಷ್ಟು ಗಂಟೆ ನಿದ್ದೆ, ಊಟ ಸೇರುತ್ತದಾ, ಕುಡಿತ ಉಂಟಾ, ಥೈರಾಯ್ಡ್ ಟೆಸ್ಟ್ ಮಾಡಿಸಿದ್ದೀರಾ, ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ. ‘ಸಾಯಬೇಕು ಅಂತ ಅನ್ನಿಸಿದ್ದುಂಟಾ?’ ಎಂದೂ ನೇರವಾಗಿ ಕೇಳುತ್ತಾರೆ. ಬೆಚ್ಚಬೇಡಿ. ಎಲ್ಲರನ್ನೂ ಕೇಳುವ ಪ್ರಶ್ನೆ ಅದು, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಕೆಲವರು ಪಿಎಚ್‌ಕ್ಯೂ–9 ಎಂಬ ಹಾಳೆ ಕೊಡುತ್ತಾರೆ. ಕಳೆದ ಎರಡು ವಾರ ಹೇಗಿತ್ತು ಎಂದು ತಿಳಿಯಲು ಒಂಬತ್ತು ಪ್ರಶ್ನೆ, ಗರಿಷ್ಠ ಅಂಕ 27. ಪಾಸು–ಫೇಲು ಇಲ್ಲ, ಎರಡು ತಿಂಗಳ ನಂತರ ಹೋಲಿಸಿ ನೋಡಲು ಅಷ್ಟೇ. ಎಲ್ಲಿಂದ ಶುರು ಮಾಡಬೇಕೆಂದು ತೋಚದಿದ್ದರೆ, ‘ನನ್ನ ಕಷ್ಟ ಸಣ್ಣದು ಅನ್ನಿಸ್ತಿದೆ, ಆದ್ರೂ ಬಂದಿದ್ದೀನಿ’ ಎಂದೇ ಹೇಳಿ. ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಕನ್ನಡದಲ್ಲೇ ಮಾತಾಡಬೇಕು ಎನಿಸಿದರೆ ಬುಕ್ ಮಾಡುವಾಗಲೇ ಕನ್ನಡ ಬಲ್ಲವರನ್ನು ಕೇಳಿ. ಆಫೀಸಿನ ಇಂಗ್ಲಿಷಿನಲ್ಲಿ ಅಪ್ಪನ ಮೇಲಿನ ಸಿಟ್ಟನ್ನು ಹೇಳಲು ಹೋದರೆ ಅದು ಸ್ಟೇಟಸ್ ರಿಪೋರ್ಟಿನ ಹಾಗೆ ಆಗಿಬಿಡುತ್ತದೆ.

‘ಎಚ್‌ಆರ್‌ಗೆ ಗೊತ್ತಾದರೆ?’ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎನ್ನುತ್ತದೆ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಇಂಥ ಕೆಲವು ಸಂದರ್ಭ ಮಾತ್ರ ಹೊರತು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ವಿಷಯ ಬಂದರೂ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು. ಈ ಮಿತಿಗಳನ್ನು ಮೊದಲ ದಿನವೇ ಥೆರಪಿಸ್ಟ್ ತಾವಾಗಿ ಹೇಳಬೇಕು, ಹೇಳದಿದ್ದರೆ ಕೇಳಿ. ಕಂಪನಿಯೇ ಕೊಡುವ ಉಚಿತ ಕೌನ್ಸೆಲಿಂಗ್ ಆದರೆ, ಕಂಪನಿಗೆ ಏನು ವರದಿ ಹೋಗುತ್ತದೆ, ಬರೀ ಸಂಖ್ಯೆಯೋ ಹೆಸರೋ, ಎಂದು ಕೇಳಿ ತಿಳಿದುಕೊಂಡೇ ಬಾಯಿ ಬಿಡಿ. ಅದೇ ಕಾಯ್ದೆ ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ವಿಮೆ ಕೊಡಬೇಕು ಎನ್ನುತ್ತದೆ. ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ಸೇರಿದ ಖರ್ಚನ್ನೇ ನೋಡುತ್ತವೆ, ವಾರದ ಥೆರಪಿ ಫೀಸು ಕೈಯಿಂದಲೇ ಹೋಗುತ್ತದೆ.

ಎರಡನೆಯ, ಮೂರನೆಯ ವಾರಕ್ಕೆ ಕೆಲಸ ಶುರುವಾಗುತ್ತದೆ. ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಎಂಬ ವಿಧಾನದಲ್ಲಾದರೆ ಹೋಂವರ್ಕೂ ಇರುತ್ತದೆ. ರಾತ್ರಿ ಒಂಬತ್ತೂವರೆಗೆ ಮ್ಯಾನೇಜರಿಂದ ಮೆಸೇಜ್ ಬಂತು ಅಂದುಕೊಳ್ಳಿ: ‘ನಾಳೆ ಬಂದ ತಕ್ಷಣ ಸಿಗಿ.’ ನೋಟ್‌ಬುಕ್ಕಿನಲ್ಲಿ ಮೊದಲ ಕಾಲಂನಲ್ಲಿ ಆ ಮೆಸೇಜನ್ನು ಹಾಗೇ ಬರೆಯುತ್ತೀರಿ. ಎರಡನೆಯದರಲ್ಲಿ ಆ ಕ್ಷಣ ತಲೆಗೆ ಬಂದ ಮಾತು: ‘ಕೆಲಸದಿಂದ ತೆಗೀತಾರೆ.’ ಮೂರನೆಯದರಲ್ಲಿ ಮೈಗೆ ಆದದ್ದು: ಎದೆ ಡವಡವ, ಊಟ ಬಿಟ್ಟೆ, ಎರಡು ಗಂಟೆವರೆಗೆ ಎಚ್ಚರ. ನಾಲ್ಕನೆಯದರಲ್ಲಿ ಆ ಮಾತಿಗೆ ಪರ ಏನಿದೆ, ವಿರೋಧ ಏನಿದೆ: ಹೋದ ತಿಂಗಳೂ ಹೀಗೇ ಕರೆದಿದ್ದರು, ರಜೆ ಪಟ್ಟಿ ಕೇಳಿದ್ದರು. ಪಕ್ಕದ ಟೀಮಿನಲ್ಲಿ ಇಬ್ಬರನ್ನು ತೆಗೆದದ್ದೂ ನಿಜ. ಎರಡನ್ನೂ ಬರೆಯಬೇಕು. ಹೀಗೆ ಕೆಲವು ವಾರ ಬರೆದರೆ ಮೆಸೇಜಿಗೂ ಡವಡವಕ್ಕೂ ನಡುವೆ ಸ್ವಲ್ಪ ಜಾಗ ಕಾಣತೊಡಗುತ್ತದೆ. ಕೆಲಸ ಆಗುವುದು ಆ ಜಾಗದಲ್ಲೇ.

ಒಂದು ಮಾತು ಒತ್ತಿ ಹೇಳುತ್ತೇನೆ. ದಿನಕ್ಕೆ ಹದಿನಾಲ್ಕು ಗಂಟೆ ದುಡಿಸುವ ಕಡೆ ಹೊಂದಿಕೊಂಡು ಹೋಗಲು ಕಲಿಸುವುದು ಥೆರಪಿಯ ಕೆಲಸವಲ್ಲ. ವಾರ ವಾರ ಶಿಫ್ಟ್ ಬದಲಾಯಿಸುವ ಪಟ್ಟಿಯನ್ನು ಯಾವ ಸೈಕಾಲಜಿಸ್ಟೂ ತಿದ್ದಲಾರರು. ನಿಮ್ಮ ದಣಿವಿಗೆ ಕಾರಣ ನಿಮ್ಮ ಮನಸ್ಸಲ್ಲ, ಆ ಪಟ್ಟಿ ಎಂದು ಕಂಡುಕೊಳ್ಳುವುದೂ ಆ ಕೋಣೆಯಲ್ಲಿ ಆಗಬಹುದು. ಆಗ ಮುಂದಿನ ಹೆಜ್ಜೆ ರಜೆಯೋ, ಯೂನಿಯನ್ನೋ, ಬೇರೆ ಕೆಲಸವೋ ಇರಬಹುದು. ಅದನ್ನು ಹೇಳಲು ಬಿಡದೆ ಪ್ರತಿ ಸಲ ‘ಉಸಿರಾಟದ ವ್ಯಾಯಾಮ ಮಾಡಿ’ ಎಂದೇ ಕಳಿಸುವವರನ್ನು ಬದಲಾಯಿಸಿ. ಮೂರ್ನಾಲ್ಕು ಸೆಷನ್ ಆದರೂ ಮನಸ್ಸು ಕೂಡದಿದ್ದರೆ ಬೇರೆಯವರ ಹತ್ತಿರ ಹೋಗುವುದರಲ್ಲಿ ತಪ್ಪೇನಿಲ್ಲ.

ದುಡ್ಡಿನ ಮಾತು. ಖಾಸಗಿಯಲ್ಲಿ ಒಂದು ಸೆಷನ್ನಿಗೆ ಸಾವಿರ ದಾಟುವುದು ಸಾಮಾನ್ಯ. ನಿಮ್ಹಾನ್ಸಿನದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಬಿಟಿಎಂ ಲೇಔಟಿನಲ್ಲಿದೆ, ಅಲ್ಲಿ ಅಷ್ಟು ಖರ್ಚಿಲ್ಲ. 2025ರ ಆಗಸ್ಟಿನಲ್ಲಿ ಮೆಟ್ರೊ ಹಳದಿ ಮಾರ್ಗ ಶುರುವಾದ ಮೇಲೆ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯವರು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ ಸಿಗದೆ ಬಿಟಿಎಂ ನಿಲ್ದಾಣದಲ್ಲಿ ಇಳಿಯಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯ ಒಪಿಡಿಗೆ ಹೋಗುವುದಾದರೆ ಪೂರ್ತಿ ದಿನ ರಜೆ ಹಾಕಿ, ಕ್ಯೂ ಉದ್ದ. ಪೀಣ್ಯದವರೇ, ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಟ್ ಆಗುತ್ತಿದ್ದರೆ ಆ ಕಾರ್ಡ್ ಬರೀ ಕೈ ಮುರಿದಾಗ ತೋರಿಸುವುದಕ್ಕಲ್ಲ. ಡಿಸ್ಪೆನ್ಸರಿಯ ಡಾಕ್ಟರಿಗೆ ನಿದ್ದೆಯಿಲ್ಲದ್ದನ್ನು ಹೇಳಿ, ಮನೋವೈದ್ಯರ ಹತ್ತಿರ ಕಳಿಸಿ ಎಂದು ಬಾಯಿಬಿಟ್ಟು ಕೇಳಿ.

ಆನ್‌ಲೈನ್ ಸೆಷನ್ ಅನುಕೂಲ, ಆದರೆ ಪಿಜಿಯಲ್ಲಿ ಗೋಡೆಗೂ ಕಿವಿ. ಟೆಕ್ ಪಾರ್ಕಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು, ತಾರಸಿಯ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಮಾತಾಡುವವರಿದ್ದಾರೆ. ನೀವೆಲ್ಲಿದ್ದೀರಿ, ಯಾರಾದರೂ ಬಂದರೆ ಏನು ಮಾಡುತ್ತೀರಿ ಎಂದು ಮೊದಲೇ ಥೆರಪಿಸ್ಟಿಗೆ ಹೇಳಿಬಿಡಿ. ಬೇಸ್‌ಮೆಂಟ್ ಬೇಡ, ಅಳುವ ಹೊತ್ತಿಗೇ ಸಿಗ್ನಲ್ ಹೋಗುತ್ತದೆ.

ಸಾವಿನ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಅದು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಕೆಲವು ಸೆಷನ್ನಿನ ನಂತರ ಮನಸ್ಸು ಹೋಗುವಾಗ ಇದ್ದದ್ದಕ್ಕಿಂತ ಭಾರವಾಗಿರುತ್ತದೆ. ಮುಚ್ಚಿಟ್ಟದ್ದನ್ನು ತೆಗೆದ ದಿನ ಹಾಗಾಗುತ್ತದೆ. ಮುಂದಿನ ವಾರ ತಪ್ಪಿಸಿಕೊಳ್ಳುವ ಬದಲು ಹೋಗಿ, ‘ಹೋದ ಸಲ ಮನೆಗೆ ಹೋದ ಮೇಲೆ ತುಂಬ ಕಷ್ಟವಾಯಿತು’ ಎಂದು ಹೇಳಿ. ಸೆಷನ್ ಮುಗಿದ ಹತ್ತೇ ನಿಮಿಷಕ್ಕೆ ಕಾಲ್ ಇಟ್ಟುಕೊಳ್ಳಬೇಡಿ, ಒಂದು ಟೀ ಕುಡಿಯುವಷ್ಟು ಹೊತ್ತಾದರೂ ಬಿಡಿ. ಸಿಬಿಟಿಯಂಥ ವಿಧಾನಕ್ಕೆ 12ರಿಂದ 20 ಸೆಷನ್ ಎಂಬುದು ವಾಡಿಕೆಯ ಲೆಕ್ಕ, ನಿಮಗೆ ಕಡಿಮೆಯೂ ಸಾಕಾಗಬಹುದು, ಹೆಚ್ಚೂ ಬೇಕಾಗಬಹುದು. ಸಾಕು ಎನಿಸಿದಾಗ ಮೆಸೇಜಿಗೆ ಉತ್ತರ ಕೊಡದೆ ಮಾಯವಾಗಬೇಡಿ. ಕೊನೆಯ ಸೆಷನ್ ಎಂದು ಒಂದನ್ನು ಇಟ್ಟುಕೊಳ್ಳಿ. ಏನು ಬದಲಾಯಿತು, ಮತ್ತೆ ನಿದ್ದೆ ಕೆಟ್ಟರೆ ಮೊದಲು ಏನು ಮಾಡಬೇಕು ಎಂದು ಇಬ್ಬರೂ ಕೂತು ಬರೆದು, ಆ ಹಾಳೆಯನ್ನು ಮನೆಗೆ ತನ್ನಿ.

ಇಂತಿ,
ಹೆಬ್ಬಗೋಡಿಯಿಂದ ನಿಮ್ಮ ಅಕ್ಕ